ತುರಹಳ್ಳಿಯೋ ಅವಲಹಳ್ಳಿಯೋ: ಬೆಂಗಳೂರಿನ ಸುತ್ತ ಮೌಂಟನ್ ಬೈಕಿಗೆ ತಕ್ಕ ದಾರಿಗಳು

ಬೆಂಗಳೂರಿನ ಸೈಕಲ್ ಸವಾರರ ಮಾತು ನಂದಿಬೆಟ್ಟದಿಂದ ಶುರುವಾಗಿ ನಂದಿಬೆಟ್ಟದಲ್ಲೇ ಮುಗಿಯುವುದು ವಾಡಿಕೆ. ಆದರೆ ಮೌಂಟನ್ ಬೈಕ್ ಕೊಂಡವರಿಗೆ ಬೇಕಾದದ್ದು ಎತ್ತರವಲ್ಲ. ಡಾಂಬರಿಲ್ಲದ, ಒಂದೇ ಸೈಕಲ್ ಹಿಡಿಸುವಷ್ಟು ಅಗಲದ, ತಿರುವುಗಳಿರುವ ಕಾಲುದಾರಿ. ಈ ದೃಷ್ಟಿಯಿಂದ ನೋಡಿದರೆ ನಗರದ ಆಸುಪಾಸಿನಲ್ಲಿ ನಾನು ಮತ್ತೆ ಮತ್ತೆ ಹೋಗಿ ಹೋಲಿಸಿ ನೋಡಿರುವ ಜಾಗಗಳಲ್ಲಿ ನಿಜವಾದ ಪೈಪೋಟಿ ಇರುವುದು ದಕ್ಷಿಣದ ತುರಹಳ್ಳಿಗೂ ಉತ್ತರದ ಅವಲಹಳ್ಳಿಗೂ ನಡುವೆ ಮಾತ್ರ. ಎಲ್ಲ ಕಡೆಗೂ ಒಯ್ದದ್ದು ಒಂದೇ ಸೈಕಲನ್ನು: ಮುಂದೆ 120 ಮಿಲಿಮೀಟರ್ ಸಸ್ಪೆನ್ಷನ್ ಇದ್ದು ಹಿಂದೆ ಏನೂ ಇಲ್ಲದ ಹಾರ್ಡ್‌ಟೇಲ್, ಅದಕ್ಕೆ 2.25 ಇಂಚಿನ ಟ್ಯೂಬ್‌ಲೆಸ್ ಟೈರುಗಳು.

ತುರಹಳ್ಳಿ ಕನಕಪುರ ರಸ್ತೆಗೂ ಬನಶಂಕರಿ ಆರನೇ ಹಂತಕ್ಕೂ ನಡುವೆ ಉಳಿದುಕೊಂಡಿರುವ ಕಾಡು. 2021ರಲ್ಲಿ ಇದನ್ನು ವೃಕ್ಷೋದ್ಯಾನವಾಗಿಸುವ ಪ್ರಸ್ತಾವ ಬಂದಾಗ ಸುತ್ತಲಿನ ನಿವಾಸಿಗಳು ಬಲವಾಗಿ ವಿರೋಧಿಸಿದ್ದರು. ಅಂದು ಉದ್ಯಾನವಾಗಿದ್ದರೆ ಇಲ್ಲಿನ ಕಾಲುದಾರಿಗಳ ಮೇಲೆ ಬಹುಶಃ ಕಲ್ಲುಹಾಸು ಬಿದ್ದಿರುತ್ತಿತ್ತು. ಅದೇ ವರ್ಷದ ಜನವರಿಯಲ್ಲಿ ಕನಕಪುರ ರಸ್ತೆಗೆ ಮೆಟ್ರೊ ಬಂದರೂ ಮಡಚುವ ಸೈಕಲ್ಲಿಗಷ್ಟೇ ಅದರಲ್ಲಿ ಪ್ರವೇಶವಿರುವುದರಿಂದ ನಮ್ಮಂಥವರಿಗೆ ಅದರಿಂದ ಪ್ರಯೋಜನವಿಲ್ಲ. ದಕ್ಷಿಣ ಬೆಂಗಳೂರಿನವರು ಮನೆಯಿಂದಲೇ ಪೆಡಲ್ ತುಳಿದು ಬರಬಹುದು, ಉಳಿದವರು ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬರಬೇಕು.

ಈ ಕಾಡು ಚಿಕ್ಕದು, ಆದರೆ ಸವಾರನನ್ನು ಸುಮ್ಮನೆ ಬಿಡುವಂಥದ್ದಲ್ಲ. ನೆಲದಡಿಯ ಬಂಡೆ ಅಲ್ಲಲ್ಲಿ ಹಾಸುಗಲ್ಲಾಗಿ ಮೇಲೆದ್ದಿದೆ, ಅದರ ನಡುವೆ ಮಳೆನೀರು ಕೊರೆದ ಕೊರಕಲುಗಳು, ಗಟ್ಟಿನೆಲದ ಮೇಲೆ ಹರಡಿದ ಗರಸು, ಎರಡೂ ಬದಿಯಲ್ಲಿ ಲಂಟಾನ. ಬಂಡೆಯ ಇಳಿಜಾರಿನಲ್ಲಿ ಸೀಟಿನ ಹಿಂದಕ್ಕೆ ಸರಿದು, ಮುಂದಿನ ಬ್ರೇಕನ್ನು ಒಂದೇ ಬೆರಳಿನಿಂದ ಹದವಾಗಿ ಹಿಡಿಯಬೇಕಾಗುತ್ತದೆ, ಏಕೆಂದರೆ ಬಂಡೆ ಮುಗಿದು ಗರಸು ಶುರುವಾಗುವ ಗಜದಷ್ಟು ಜಾಗದಲ್ಲಿ ಹಿಡಿತ ಪೂರ್ತಿ ಬದಲಾಗುತ್ತದೆ. ಬಂಡೆಯ ಮೇಲೆ ಸರಿಯೆನಿಸಿದ ಬ್ರೇಕು ಗರಸಿನ ಮೇಲೆ ಚಕ್ರವನ್ನು ಜಾರಿಸಿಬಿಡುತ್ತದೆ. ಏರುಗಳು ಉದ್ದವಿಲ್ಲ, ಕಡಿದಾಗಿವೆ. ಮುಂದಕ್ಕೆ ಬಾಗಿದರೆ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ, ಹಿಂದಕ್ಕೆ ವಾಲಿದರೆ ಮುಂದಿನ ಚಕ್ರ ಏಳುತ್ತದೆ. ಸಮತೋಲನ ಕಲಿಯಲು ಇದಕ್ಕಿಂತ ಕಟ್ಟುನಿಟ್ಟಾದ ಶಾಲೆಯನ್ನು ನಗರದ ಹತ್ತಿರ ನಾನು ಕಂಡಿಲ್ಲ.

ಅವಲಹಳ್ಳಿಯ ಸ್ವಭಾವ ಇದಕ್ಕೆ ತದ್ವಿರುದ್ಧ. (ಹಳೇ ಮದ್ರಾಸ್ ರಸ್ತೆಯ ಅವಲಹಳ್ಳಿ ಬೇರೆ, ನಾನು ಹೇಳುತ್ತಿರುವುದು ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೋಗುವಾಗ ಸಿಗುವ ಕಾಡನ್ನು.) ಇಲ್ಲಿ ಬಂಡೆ ಕಡಿಮೆ, ಕೆಮ್ಮಣ್ಣು ಹೆಚ್ಚು. ನೀಲಗಿರಿ ಮರಗಳ ನಡುವೆ ದಾರಿ ಎಡಕ್ಕೂ ಬಲಕ್ಕೂ ಬಳುಕುತ್ತ ಸಾಗುವುದರಿಂದ ಒಂದು ತಿರುವಿನಲ್ಲಿ ಗಳಿಸಿದ ವೇಗ ಮುಂದಿನ ತಿರುವಿಗೂ ಒದಗಿ ಬರುತ್ತದೆ. ತುರಹಳ್ಳಿಯಲ್ಲಿ ಪ್ರತಿ ಅಡಚಣೆಯನ್ನೂ ಬಿಡಿಬಿಡಿಯಾಗಿ ಎದುರಿಸಬೇಕು. ಅವಲಹಳ್ಳಿಯಲ್ಲಿ ಮುಂದಿನ ಎರಡು ತಿರುವುಗಳನ್ನು ಈಗಲೇ ನೋಡಿಟ್ಟುಕೊಂಡವನಿಗೆ ಬ್ರೇಕಿನ ಅಗತ್ಯವೇ ಬೀಳದಷ್ಟು ಸಲೀಸು. ಹಾಗಾಗಿ ಅದೇ ಒಂದು ಗಂಟೆಯಲ್ಲಿ ಇಲ್ಲಿ ಹೆಚ್ಚು ದೂರ ಕ್ರಮಿಸುತ್ತೇನೆ, ಕಡಿಮೆ ದಣಿಯುತ್ತೇನೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ನೀಲಗಿರಿಯ ಉದುರಿದ ಎಲೆ, ಸುಲಿದು ಬಿದ್ದ ತೊಗಟೆ ಇವು ಬೇರುಗಳನ್ನೂ ಗುಂಡಿಗಳನ್ನೂ ಮುಚ್ಚಿಡುತ್ತವೆ, ಅಲ್ಲದೆ ಒದ್ದೆಯಾದಾಗ ತಾವೇ ಜಾರುತ್ತವೆ.

ಎರಡೂ ಕಡೆಯ ಮಣ್ಣು ಬೇರೆಯಾದ್ದರಿಂದ ಟೈರಿನ ಗಾಳಿಯೂ ಬೇರೆಯಾಗಬೇಕು. ಅವಲಹಳ್ಳಿಯಲ್ಲಿ ನಾನು 22 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇನೆ, ತಿರುವಿನಲ್ಲಿ ಟೈರು ನೆಲಕ್ಕೆ ಅಂಟಿಕೊಳ್ಳುತ್ತದೆ. ಅಷ್ಟೇ ಗಾಳಿಯಲ್ಲಿ ತುರಹಳ್ಳಿಗೆ ಹೋದರೆ ಕಲ್ಲಿನ ಅಂಚಿಗೆ ಬಡಿದಾಗ ರಿಮ್ಮಿಗೆ ಪೆಟ್ಟು ಬೀಳುತ್ತದೆ, ಹೀಗಾಗಿ ಅಲ್ಲಿ 27ಕ್ಕಿಂತ ಕೆಳಗಿಳಿಸುವುದಿಲ್ಲ. ಬೆರಳ ತುದಿಯಲ್ಲೇ ಸೀಟನ್ನು ತಗ್ಗಿಸುವ ಡ್ರಾಪರ್ ಪೋಸ್ಟ್ ತುರಹಳ್ಳಿಯಲ್ಲಿ ಅಗತ್ಯವೆನಿಸಿತು, ಅವಲಹಳ್ಳಿಯಲ್ಲಿ ಬರೀ ಅನುಕೂಲ. ಜಾಲಿಮುಳ್ಳಿನ ಕಾಟ ಎರಡೂ ಕಡೆ ಇರುವುದರಿಂದ ಟ್ಯೂಬ್ ಹಾಕಿದ ಟೈರಿನಲ್ಲಿ ಹೋಗುವವರಿಗೆ ನನ್ನ ಶುಭಾಶಯಗಳು.

ಆಯ್ಕೆಯನ್ನು ಕೊನೆಗೂ ನಿರ್ಧರಿಸುವುದು ಮಳೆ. ತುರಹಳ್ಳಿಯ ಗರಸು ನೆಲದಲ್ಲಿ ನೀರು ಬೇಗ ಬಸಿದುಹೋಗುತ್ತದೆ. ರಾತ್ರಿ ಮಳೆಯಾಗಿದ್ದರೂ ಬೆಳಿಗ್ಗೆ ಕಾಲುದಾರಿಗಳಲ್ಲಿ ಸವಾರಿ ಸಾಧ್ಯ, ಪಾಚಿ ಕಟ್ಟಿದ ಹಾಸುಗಲ್ಲನ್ನು ಮಾತ್ರ ಬಿಟ್ಟುಬಿಡಬೇಕು. ಅವಲಹಳ್ಳಿಯ ಕೆಮ್ಮಣ್ಣು ಹಸಿಯಿದ್ದಾಗ ಟೈರಿಗೆ ಮೆತ್ತಿಕೊಂಡು, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕಮಾನಿಗೆ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ, ಅಂಥ ದಿನ ಉಳಿದ ಗಾಲಿಗುರುತು ಒಣಗಿ ಬೇಸಿಗೆಯವರೆಗೂ ಎಲ್ಲರಿಗೂ ತೊಂದರೆ ಕೊಡುತ್ತದೆ. ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ ಅದೇ ಮಣ್ಣು ಕೊಡುವ ಹಿಡಿತಕ್ಕೆ ಮಾತ್ರ ಸಾಟಿಯಿಲ್ಲ. ಮಾರ್ಚಿ ಏಪ್ರಿಲ್ಲಿನಲ್ಲಿ ಎರಡೂ ಸಪ್ಪೆ: ಅಲ್ಲಿ ಗರಸು ಉರುಳುತ್ತದೆ, ಇಲ್ಲಿ ಧೂಳು ಕಣ್ಣಿಗೆ ಹೊಡೆಯುತ್ತದೆ. ಒಂದನ್ನೇ ಆರಿಸು ಎಂದು ಯಾರಾದರೂ ಹಟ ಹಿಡಿದರೆ ನಾನು ಅವಲಹಳ್ಳಿ ಎನ್ನುತ್ತೇನೆ. ಆದರೆ ಅಲ್ಲಿ ನಾನು ನೆಮ್ಮದಿಯಿಂದ ಓಡಿಸುವುದು ತುರಹಳ್ಳಿಯಲ್ಲಿ ಕಲಿತದ್ದರ ಬಲದಿಂದ. ಎರಡೂ ಕಾಡುಗಳು ಅರಣ್ಯ ಇಲಾಖೆಯ ಅಧೀನದಲ್ಲಿವೆ, ಆದ್ದರಿಂದ ಕಾವಲಿನವರು ಇಂದು ಬೇಡವೆಂದರೆ ವಾದ ಮಾಡದೆ ಮರಳುವುದು ಲೇಸು.

ಹೆಸರಘಟ್ಟದ ಹುಲ್ಲುಗಾವಲನ್ನು ಹಲವರು ಈ ಸಾಲಿಗೆ ಸೇರಿಸುತ್ತಾರೆ, ನಾನು ಸೇರಿಸುವುದಿಲ್ಲ. ಅರ್ಕಾವತಿಗೆ ಕಟ್ಟಿದ ಹಳೆಯ ಕೆರೆಯ ಪಕ್ಕದ ಬಯಲು ನೋಡಲು ಚೆಂದ, ಹೊಸಬರಿಗೆ ಸುಲಭ, ಆದರೆ ಮೌಂಟನ್ ಬೈಕಿಗೆ ಅಲ್ಲಿ ಕೆಲಸವಿಲ್ಲ. ಅದಕ್ಕಿಂತ ಮುಖ್ಯವಾಗಿ, ನೆಲದ ಮೇಲೇ ಗೂಡು ಕಟ್ಟುವ ನೆಲಗುಬ್ಬಿಯಂಥ ಹಕ್ಕಿಗಳಿಗೂ ಚಳಿಗಾಲದಲ್ಲಿ ವಲಸೆ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳಿಗೂ ಅದು ಆಸರೆ. ಹುಲ್ಲಿನ ಮೇಲೆ ಟೈರು ಉರುಳಿಸುವುದು ಅಲ್ಲಿ ಸರಿಯಲ್ಲ.

ಇನ್ನು 1,478 ಮೀಟರ್ ಎತ್ತರದ ನಂದಿಬೆಟ್ಟ. ಡಾಂಬರು ರಸ್ತೆಯಲ್ಲಿ ದಪ್ಪ ಟೈರನ್ನು ಮೇಲಕ್ಕೆಳೆದು ರಸ್ತೆ ಸೈಕಲ್ಲಿನವರು ಪಕ್ಕದಲ್ಲಿ ಹಾದುಹೋಗುವುದನ್ನು ನೋಡುವುದಷ್ಟೇ ಆಗುತ್ತದೆ. ಬೆಟ್ಟದ ಬುಡದ ಕಥೆ ಬೇರೆ: ಭೋಗನಂದೀಶ್ವರ ದೇವಸ್ಥಾನದ ಸುತ್ತಲ ಹಳ್ಳಿಗಳಲ್ಲಿ ದ್ರಾಕ್ಷಿ ಚಪ್ಪರಗಳ ನಡುವೆ ಹಾಯುವ ಮಣ್ಣಿನ ಬಂಡಿದಾರಿಗಳು ಕಷ್ಟದವಲ್ಲದಿದ್ದರೂ ಉದ್ದವಾಗಿವೆ, ಅರ್ಧ ದಿನದ ಸವಾರಿಗೆ ಸಾಕು. ಕೆಲವು ದಾರಿಗಳು ಖಾಸಗಿ ತೋಟದೊಳಗೆ ಹೋಗಿ ನಿಲ್ಲುವುದರಿಂದ ಮೊದಲು ತೋಟದವರನ್ನು ಕೇಳಿಕೊಳ್ಳಬೇಕು; ಔಷಧಿ ಸಿಂಪಡಿಸುವ ದಿನ ಅವರೇ ಬೇರೆ ದಾರಿ ತೋರಿಸುತ್ತಾರೆ.