ಫೋಟೋ ನೋಡಿ ಪ್ರೂಫ್ ನಾಣ್ಯದ ಗ್ರೇಡ್ ಹೇಳುವ ಆ್ಯಪ್: ನಂಬಬಹುದಾ?

ನನ್ನ 1964ರ ಕೆನಡಿ ಹಾಫ್ ಡಾಲರ್ ಪ್ರೂಫ್ (ಸಂಗ್ರಹಕಾರರಿಗೆಂದೇ ವಿಶೇಷವಾಗಿ ಟಂಕಿಸಿದ ಅಮೆರಿಕದ ನಾಣ್ಯ) ಫೋಟೋ ಹಾಕಿ ನೋಡಿದೆ. ಆ್ಯಪ್ 70ಕ್ಕೆ 68 ಗ್ರೇಡ್ ಅಂದಿತು. ಬೆಳಕನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು ಫೋಟೋ ಹಾಕಿದೆ. ಅದೇ ನಾಣ್ಯ, ಈಗ 65!

ಪ್ರೂಫ್ ನಾಣ್ಯದ ಹಿನ್ನೆಲೆ ಕನ್ನಡಿಯಂತೆ ಹೊಳೆಯುತ್ತದೆ, ತೊಂದರೆ ಇರೋದೇ ಅಲ್ಲಿ. ಹಿಂದೆ ಯಾರೋ ಬಟ್ಟೆಯಲ್ಲಿ ಒರೆಸಿದ ಸಣ್ಣ ಗೆರೆಗಳು ಒಂದು ಕೋನದಲ್ಲಿ ಮಾತ್ರ ಮಿನುಗಿ ಮಾಯವಾಗುತ್ತವೆ. ನನ್ನದರಲ್ಲಿ ಅವು ಕೆನಡಿ ಮುಖದ ಎದುರಿಗೇ ಇವೆ. ಬಲ್ಬಿನ ಕೆಳಗೆ ನಿಧಾನಕ್ಕೆ ತಿರುಗಿಸಿದರೆ ಸಾಧಾರಣ ಲೆನ್ಸಿಗೂ ಕಾಣುತ್ತವೆ. ಒಂದೇ ಫೋಟೋದಲ್ಲಿ ಅವೆಲ್ಲಿ ಸಿಗಬೇಕು? 70 ಅನ್ನಿಸಿಕೊಳ್ಳಬೇಕಾದರೆ 5 ಪಟ್ಟು ಹಿಗ್ಗಿಸಿ ನೋಡಿದರೂ ಟಂಕಿಸಿದ ನಂತರದ ಒಂದು ಗೀರೂ ಕಾಣಬಾರದು, ನೆನಪಿರಲಿ.

ಕ್ಯಾಮಿಯೋ (ಚಿತ್ರಕ್ಕೂ ಹಿನ್ನೆಲೆಗೂ ಎದ್ದು ಕಾಣುವ ವ್ಯತ್ಯಾಸ) ವಿಷಯದಲ್ಲಿ ಪರವಾಗಿಲ್ಲ. ಮುಖದ ಮಾಸಲು ಬಿಳುಪನ್ನೂ ಹಿನ್ನೆಲೆಯ ಕಡು ಹೊಳಪನ್ನೂ ಸರಿಯಾಗಿಯೇ ಗುರುತಿಸುತ್ತದೆ. ಆದರೆ ಪ್ಲಾಸ್ಟಿಕ್ ಡಬ್ಬಿ ಮೇಲಿನ ಗೀರನ್ನೂ ನಾಣ್ಯದ ಲೆಕ್ಕಕ್ಕೇ ಹಾಕಿಬಿಡುತ್ತದೆ, ಅದು ಜಾಸ್ತಿ ಆಯ್ತು ಅಲ್ವಾ?

ಸುಮ್ನೆ ಒಂದು ಅಂದಾಜಿಗೆ ಓಕೆ. ನಾಣ್ಯಕ್ಕೆ ಗ್ರೇಡ್ ಕೊಡುವ ಸಂಸ್ಥೆಗಳಾದ ಪಿಸಿಜಿಎಸ್‌ಗೋ ಎನ್‌ಜಿಸಿಗೋ ಕಳಿಸಬೇಕಾ ಬೇಡವಾ ಅನ್ನೋದನ್ನು ಮಾತ್ರ ಇದರ ಮಾತು ಕೇಳಿ ತೀರ್ಮಾನಿಸಬೇಡಿ. ಐದಕ್ಕೆ ಎರಡು ಸ್ಟಾರ್.