ಎಂಟು ತಿಂಗಳು ಅನ್ನ ತೂಗಿದ ಮೇಲೆ: ಒಂದು ಅಡುಗೆಮನೆ ತಕ್ಕಡಿಯ ವಿಮರ್ಶೆ

ಈ ತಕ್ಕಡಿ ಕೊಂಡವರಲ್ಲಿ ಹೆಚ್ಚಿನವರು ಕೇಕ್ ಮಾಡುವವರು, ಇಲ್ಲವೇ ತೂಕ ಇಳಿಸಲು ಹೊರಟವರು. ಅವರ ವಿಮರ್ಶೆಗಳನ್ನೆಲ್ಲ ಓದಿದ್ದೇನೆ. ಹಿಟ್ಟು ಸರಿಯಾಗಿ ತೂಗುತ್ತದೆ, ನೋಡಲು ಚೆಂದ, ಒರೆಸಲು ಸುಲಭ ಎಂದೆಲ್ಲ ಬರೆದಿದ್ದಾರೆ. ನಾನು ಕೊಂಡದ್ದು ಬೇರೆ ಕಾರಣಕ್ಕೆ. ನನ್ನ ಆರು ವರ್ಷದ ಮಗಳಿಗೆ ಟೈಪ್ 1 ಮಧುಮೇಹ ಎಂದು ಗೊತ್ತಾಗಿ, ಆಸ್ಪತ್ರೆಯಲ್ಲಿ ಆರು ದಿನ ಇದ್ದು, ನಾವು ಮನೆಗೆ ಬಂದ ಸಂಜೆಯೇ ಇದೂ ಮನೆಗೆ ಬಂತು. ಅಂದಿನಿಂದ ದಿನಕ್ಕೆ ಕಡಿಮೆಯೆಂದರೂ ನಾಲ್ಕು ಸಲ ಬಳಸಿದ್ದೇವೆ. ಹೆಚ್ಚುಕಡಿಮೆ ಸಾವಿರ ಹೊತ್ತಿನ ಊಟ, ತಿಂಡಿ ಇದರ ಮೇಲೆ ಹಾದುಹೋಗಿದೆ.

ವಸ್ತು ಸಾಧಾರಣದ್ದೇ. ಮೇಲೆ ಗಾಜಿನ ಹಲಗೆ, ಮುಂದೆ ಅಂಕಿ ತೋರಿಸುವ ಸಣ್ಣ ಕಿಟಕಿ, ಎರಡು ಗುಂಡಿ. 5 ಕಿಲೋವರೆಗೆ ತೂಗುತ್ತದೆ, 1 ಗ್ರಾಂ ವ್ಯತ್ಯಾಸ ತೋರಿಸುತ್ತದೆ. ರಿಮೋಟಿಗೆ ಹಾಕುವಂಥ ಎರಡು ಸಣ್ಣ ಸೆಲ್ ಸಾಕು. ಇದನ್ನೇ ಆರಿಸಲು ಅದೂ ಒಂದು ಕಾರಣ. ನಾಣ್ಯದಂಥ ಬಟನ್ ಸೆಲ್‌ಗಳನ್ನು ಮಕ್ಕಳು ನುಂಗಿದರೆ ಅನ್ನನಾಳವೇ ಸುಟ್ಟುಹೋಗಬಹುದು. ಮನೆಯಲ್ಲಿ ಇರುವ ಭಯ ಸಾಲದೇ?

ತಕ್ಕಡಿ ಯಾಕೆ ಬೇಕಾಯಿತು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ಹಾಳುಮಾಡುತ್ತದೆ, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ತಯಾರಾಗುವುದು ನಿಲ್ಲುತ್ತಾ ಬರುತ್ತದೆ. ಮಗು ಸಿಹಿ ತಿಂದದ್ದಕ್ಕೆ ಬಂದದ್ದಲ್ಲ. (ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಲೆಕ್ಕವಿಲ್ಲ. ಕೇಳಿದವರು ತಲೆಯಾಡಿಸಿ ಆಮೇಲೆ, "ಆದ್ರೂ ಚಾಕಲೇಟು ಜಾಸ್ತಿ ಕೊಡ್ತಿದ್ರಿ ಅಲ್ವಾ" ಅನ್ನುತ್ತಾರೆ.) ಪ್ರತಿ ಊಟದಲ್ಲಿ ಎಷ್ಟು ಕಾರ್ಬೋಹೈಡ್ರೇಟ್ (ರಕ್ತಕ್ಕೆ ಸಕ್ಕರೆಯಾಗಿ ಸೇರುವ ಪಿಷ್ಟ, ಸಿಹಿ; ಚಿಕ್ಕದಾಗಿ ಕಾರ್ಬ್) ಇದೆ ಎಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಇನ್ಸುಲಿನ್ ಚುಚ್ಚಬೇಕು. ನಮ್ಮ ಮಗಳಿಗೆ ಈಗ ಮಧ್ಯಾಹ್ನದ ಊಟಕ್ಕೆ 25 ಗ್ರಾಂ ಕಾರ್ಬಿಗೆ ಒಂದು ಯೂನಿಟ್. ಇದು ಅವಳೊಬ್ಬಳ ಲೆಕ್ಕ, ವೈದ್ಯರು ಕೊಟ್ಟದ್ದು. ಬೆಳಗಿನದು ಬೇರೆ, ಬೇರೆ ಮಗುವಿನದು ಇನ್ನೂ ಬೇರೆ. ಗ್ರಂಥಿಯಲ್ಲಿ ಅಳಿದುಳಿದ ಕೋಶಗಳು ಒಂದಷ್ಟು ತಿಂಗಳು ಕೈಲಾದಷ್ಟು ಕೆಲಸ ಮಾಡುವುದರಿಂದ ನಮ್ಮದೇ ಲೆಕ್ಕ ನಾಲ್ಕು ಸಲ ಬದಲಾಗಿದೆ.

ಮೊದಲ ರಾತ್ರಿ ಚಮಚ, ಬಟ್ಟಲಿನ ಅಂದಾಜಿನಲ್ಲೇ ಬಡಿಸಬಹುದು ಅಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಕೊಟ್ಟ ಪಟ್ಟಿಯಲ್ಲಿ "ಒಂದು ಸಣ್ಣ ಬಟ್ಟಲು ಅನ್ನ" ಎಂದಿತ್ತು. ಮನೆಯಲ್ಲಿದ್ದ ಮೂರು "ಸಣ್ಣ ಬಟ್ಟಲು"ಗಳಿಗೂ ಅನ್ನ ತುಂಬಿ ತೂಗಿದೆ: 95, 140, 188. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ಯೂನಿಟ್‌ಗಿಂತ ಹೆಚ್ಚು ವ್ಯತ್ಯಾಸ. ಪಟ್ಟಿಯನ್ನು ಮಡಚಿ ಒಳಗಿಟ್ಟೆ.

ಅನ್ನದ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ಈ ತಕ್ಕಡಿಯ ಬೆಲೆ ಗೊತ್ತಾಗುವುದೇ ಅಲ್ಲಿ. 100 ಗ್ರಾಂ ಅನ್ನದಲ್ಲಿ 28 ಗ್ರಾಂ ಕಾರ್ಬ್ ಎಂದು ಎಲ್ಲ ಕಡೆ ಬರೆದಿರುತ್ತದೆ. ಯಾವ ಅನ್ನದಲ್ಲಿ? ನೀರು ಜಾಸ್ತಿ ಹಾಕಿ ಮೆತ್ತಗೆ ಮಾಡಿದ್ದರಲ್ಲೋ, ಉದುರುದುರಾಗಿ ಮಾಡಿದ್ದರಲ್ಲೋ? ನೀರಿನಲ್ಲಿ ಕಾರ್ಬ್ ಇಲ್ಲ, ತೂಕ ಇದೆ. ಹಾಗಾಗಿ ನಾವು ಪಾತ್ರೆಯನ್ನೇ ತೂಗುತ್ತೇವೆ. ಖಾಲಿ ಪಾತ್ರೆಯ ತೂಕವನ್ನು ಅದರ ಹಿಡಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದಿಟ್ಟಿದ್ದೇವೆ: 412. ಅಕ್ಕಿ 200 ಗ್ರಾಂ ಹಾಕಿದರೆ ಅದರಲ್ಲಿ ಕಾರ್ಬ್ ಸುಮಾರು 158 ಗ್ರಾಂ. ಬೆಂದ ಮೇಲೆ ಪಾತ್ರೆ ಸಮೇತ ಇಟ್ಟು, 412 ಕಳೆದು ನೋಡಿದರೆ ಒಂದು ದಿನ 560 ಬರುತ್ತದೆ, ಇನ್ನೊಂದು ದಿನ 700. ಮೊದಲನೆಯದರಲ್ಲಿ ನೂರಕ್ಕೆ 28, ಎರಡನೆಯದರಲ್ಲಿ ನೂರಕ್ಕೆ ಇಪ್ಪತ್ತಮೂರೂ ಇಲ್ಲ. ಇಂತಹ ಲೆಕ್ಕ ಹಾಕಬೇಕಾದರೆ 5 ಕಿಲೋ ತಡೆಯುವ ತಕ್ಕಡಿಯೇ ಬೇಕು. 1 ಕಿಲೋದ ಪುಟಾಣಿ ತಕ್ಕಡಿಗಳ ಮೇಲೆ ಬಿಸಿ ಪಾತ್ರೆ ಇಟ್ಟರೆ ಅಷ್ಟೇ. ಗಾಜಿನ ಮೇಲೆ ನೇರವಾಗಿ ಬಿಸಿ ಪಾತ್ರೆ ಇಡಬೇಡಿ, ಕೆಳಗೆ ಮಡಚಿದ ಬಟ್ಟೆ ಇಟ್ಟು ಸೊನ್ನೆ ಮಾಡಿಕೊಳ್ಳಿ.

ಸೊನ್ನೆ ಮಾಡುವ ಗುಂಡಿಯೇ ಇದರ ಜೀವ. ತಟ್ಟೆ ಇಟ್ಟು ಒತ್ತಿದರೆ 0. ಅನ್ನ ಹಾಕಿ, ಅಂಕಿ ಬರೆದುಕೊಂಡು, ಮತ್ತೆ ಒತ್ತಿ ಆಲೂಗಡ್ಡೆ ಹಾಕಿದರೆ ಆಲೂಗಡ್ಡೆಯ ತೂಕ ಮಾತ್ರ. ಇದು ಎಲ್ಲರಿಗೂ ಗೊತ್ತಿರುವುದೇ. ನನಗೆ ತಡವಾಗಿ ಹೊಳೆದದ್ದು ಇದರ ಉಲ್ಟಾ. ತುಂಬಿದ ತಟ್ಟೆಯನ್ನೇ ಇಟ್ಟು ಸೊನ್ನೆ ಮಾಡಿ, ಅದರಿಂದ ತೆಗೆದು ಬಡಿಸಿದರೆ ಅಂಕಿ ಮೈನಸ್‌ಗೆ ಹೋಗುತ್ತದೆ. ಎಷ್ಟು ಹೋಯಿತೋ ಅಷ್ಟು. ಬ್ರೆಡ್ಡಿನ ಪೊಟ್ಟಣ, ಹಾಲಿನ ಜಗ್ಗು, ಮುರಿದ ಬಿಸ್ಕತ್ತಿನ ಡಬ್ಬಿ, ಎಲ್ಲಕ್ಕೂ ಇದೇ ಉಪಾಯ.

ಅರ್ಧಕ್ಕೇ "ಸಾಕಪ್ಪಾ" ಅನ್ನುವ ಮಗುವಿದ್ದರೆ ಇದು ಇನ್ನೂ ಬೇಕು. ಇನ್ಸುಲಿನ್ ಮೊದಲೇ ಚುಚ್ಚಿ ಆಗಿರುತ್ತದೆ, ಹಿಂದಕ್ಕೆ ತೆಗೆಯಲಾಗದು. ಉಳಿಸಿದ ಅನ್ನ ತೂಗಿದರೆ 70 ಗ್ರಾಂ, ಅಂದರೆ 20 ಗ್ರಾಂ ಕಾರ್ಬ್ ಬಾಕಿ. ಒಂದು ಲೋಟ ಹಾಲಿನಲ್ಲಿ, 200 ಮಿ.ಲೀ.ಗೆ, ಹತ್ತು ಹೋಯಿತು. ಸಿಪ್ಪೆ ಸುಲಿದ ಅರ್ಧ ಬಾಳೆಹಣ್ಣು 50 ಗ್ರಾಂ ತೂಗಿದರೆ ಇನ್ನೊಂದು ಹತ್ತು. ಮೊದಲ ವಾರಗಳಲ್ಲಿ ನಾನು ಲೆಕ್ಕ ಹಾಕುತ್ತಿರಲಿಲ್ಲ, "ತಿನ್ನು, ತಿನ್ನು" ಎಂದು ಬೇಡುತ್ತಿದ್ದೆ. ಅವಳಿಗೆ ಅದು ಬೇಗ ಅರ್ಥವಾಯಿತು. ಅಪ್ಪ ಹೆದರಿದ್ದಾನೆ ಎಂದು ಗೊತ್ತಾದರೆ ಆರು ವರ್ಷದವರು ಬಿಡುತ್ತಾರೆಯೇ? ಅನ್ನದ ಬದಲು ಐಸ್‌ಕ್ರೀಮು ಕೇಳಿದಳು. ಕೊಟ್ಟೆ ಕೂಡ.

ಇನ್ನು ದೂರು.

ಎರಡು ನಿಮಿಷ ಮುಟ್ಟದಿದ್ದರೆ ಇದು ತಾನೇ ಆರಿಹೋಗುತ್ತದೆ. ಸೆಲ್ ಉಳಿಸಲು ಹೀಗೆ ಮಾಡಿದ್ದಾರಂತೆ. ತಟ್ಟೆಯಿಟ್ಟು, ಅನ್ನ ಹಾಕಿ, ಒಲೆ ಆರಿಸಿ ಬರುವಷ್ಟರಲ್ಲಿ ಕಿಟಕಿ ಕತ್ತಲು. ಮತ್ತೆ ಹಚ್ಚಿದರೆ ಮೇಲಿರುವುದನ್ನೆಲ್ಲ ಸೇರಿಸಿಯೇ 0 ತೋರಿಸುತ್ತದೆ, ಹಳೆಯ ಅಂಕಿ ಮಾಯ. ಎಲ್ಲ ಸುರಿದು ಮೊದಲಿಂದ ಮಾಡಬೇಕು. ಹಸಿದ ಮಗು ಪಕ್ಕದಲ್ಲಿ ಸ್ಟೂಲ್ ಮೇಲೆ ನಿಂತು "ಆಯ್ತಾ? ಆಯ್ತಾ?" ಅನ್ನುತ್ತಿರುತ್ತದೆ. ರೋಗ ಗೊತ್ತಾಗುವ ಮುಂಚೆ ಇಳಿದ ತೂಕವನ್ನೆಲ್ಲ ದೇಹ ಒಂದೇ ಸಲ ವಸೂಲಿ ಮಾಡುತ್ತದೆ. ಆಗ ಆ ಹಸಿವಿಗೆ ಎರಡು ನಿಮಿಷ ಎಂದರೆ ಒಂದು ಯುಗ.

ದೊಡ್ಡ ತಟ್ಟೆ ಇಟ್ಟರೆ ಅಂಕಿಯೇ ಮುಚ್ಚಿಹೋಗುತ್ತದೆ, ಬಗ್ಗಿ ಇಣುಕಬೇಕು. ಗುಂಡಿಗಳು ಒತ್ತುವಂಥವಲ್ಲ, ಮುಟ್ಟಿದರೆ ಸಾಕು ಎನ್ನುವಂಥವು. ಕೈ ಒದ್ದೆಯಿದ್ದರೆ ಅದೂ ಇಲ್ಲ.

ಮೂರನೇ ವಾರ ನಡೆದದ್ದು ಈ ಗುಂಡಿಯಿಂದಲೇ. ಪಿಂಗಾಣಿ ಬಟ್ಟಲಿಟ್ಟು ಸೊನ್ನೆ ಗುಂಡಿ ಮುಟ್ಟಿದೆ, ಕೈ ಒದ್ದೆಯಿತ್ತು, ಅದು ಕೇಳಲಿಲ್ಲ, ನಾನು ನೋಡಲಿಲ್ಲ. ಬಟ್ಟಲಿನ 90 ಗ್ರಾಮೂ ಅನ್ನವೆಂದೇ ಲೆಕ್ಕಕ್ಕೆ ಬಂತು. 25 ಗ್ರಾಂ ಇಲ್ಲದ ಕಾರ್ಬ್, ಒಂದು ಯೂನಿಟ್ ಹೆಚ್ಚಿನ ಇನ್ಸುಲಿನ್. ಒಂದೂವರೆ ಗಂಟೆಯ ಮೇಲೆ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದವಳು ಸುಮ್ಮನೆ ಕ್ರಯಾನ್ ಕೆಳಗಿಟ್ಟು ಮೇಜಿಗೆ ತಲೆಯಾನಿಸಿದಳು. ಹಣೆ ತಣ್ಣಗೆ, ಬೆವರು. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 54. ಎಪ್ಪತ್ತರ ಕೆಳಗೆ ಹೋಗಬಾರದು. ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷ ಗೋಡೆ ಗಡಿಯಾರ ನೋಡುತ್ತಾ ಕೂತು, ಮತ್ತೆ ಚುಚ್ಚಿದಾಗ 88. ಅವಳು ಕ್ರಯಾನ್ ಎತ್ತಿಕೊಂಡಳು. ನನ್ನ ಕೈನಡುಕ ಸಂಜೆಯವರೆಗೂ ನಿಲ್ಲಲಿಲ್ಲ. ತಪ್ಪು ಯಂತ್ರದ್ದೋ ನನ್ನದೋ? ಇಬ್ಬರದೂ. ಈಗ ಬಟ್ಟಲಿಟ್ಟ ಮೇಲೆ "ಸೊನ್ನೆ" ಎಂದು ಗಟ್ಟಿಯಾಗಿ ಹೇಳುವುದು ಮಗಳ ಕೆಲಸ. ಅವಳು ಹೇಳದೆ ನಾನು ಬಡಿಸುವುದಿಲ್ಲ.

ಇನ್ನೊಂದು ದೋಷ ಸಣ್ಣದಾಗಿ ಕಂಡರೂ ನಮಗೆ ದೊಡ್ಡದು. ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ತಕ್ಕಡಿಗೆ ಗೊತ್ತೇ ಆಗುವುದಿಲ್ಲ, 0 ಎಂದೇ ಕೂತಿರುತ್ತದೆ. ತೀರ ಸಣ್ಣ ಏರಿಕೆಯನ್ನು ಅಲುಗಾಟವೆಂದುಕೊಂಡು ಸೊನ್ನೆಗೇ ಎಳೆದುಬಿಡುತ್ತದಂತೆ. ಶುಗರ್ ಇಳಿದಾಗ ಕೊಡಲು ನಮ್ಮ ವೈದ್ಯೆ ಹೇಳಿರುವುದು ಕಿಲೋ ತೂಕಕ್ಕೆ 0.3 ಗ್ರಾಂ ಗ್ಲೂಕೋಸ್, ಅಂದರೆ ಮಗಳ 20 ಕಿಲೋಗೆ 6 ಗ್ರಾಂ. ಇದಕ್ಕೂ ಮೈನಸ್ ಉಪಾಯವೇ: ಗ್ಲೂಕೋಸ್ ಪುಡಿಯ ಡಬ್ಬಿ ಇಟ್ಟು ಸೊನ್ನೆ ಮಾಡಿ, ಒಂದೇ ಸಲಕ್ಕೆ ಚಮಚ ಎತ್ತಿ, -6 ಬಂದಿತಾ ನೋಡುವುದು. ಭಾನುವಾರ ಹತ್ತು ಪೊಟ್ಟಣ ಕಟ್ಟಿ ಶಾಲೆಯ ಚೀಲದಲ್ಲಿ, ದಿಂಬಿನ ಪಕ್ಕದಲ್ಲಿ, ನನ್ನ ಜೇಬಿನಲ್ಲಿ ಇಡುತ್ತೇವೆ. ಮಗು ಬೆವರುತ್ತಿರುವಾಗ ತೂಗುತ್ತಾ ಕೂರುವ ಮಾತೇ ಇಲ್ಲ.

ಅಮ್ಮ ಬಂದಾಗ ಇದನ್ನು ನೋಡಿ, "ಮಗು ತಿನ್ನೋ ಅನ್ನ ತೂಗ್ತೀಯಲ್ಲೋ, ಇದೇನು ದಿನಸಿ ಅಂಗಡಿಯೇನೋ?" ಅಂದರು. ಅವರಿಗೆ ಹೇಳಲಿಲ್ಲ, ಆದರೆ ಆಸ್ಪತ್ರೆಯಲ್ಲಿ ನಿದ್ದೆ ಬಾರದ ರಾತ್ರಿ ಫೋನಿನಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಅಮೆರಿಕದ ಹುಡುಗಿಯ ವಿಷಯ ಓದಿದ್ದೆ. 1919ರಲ್ಲಿ, ಹನ್ನೊಂದು ವರ್ಷಕ್ಕೆ, ಇದೇ ಕಾಯಿಲೆ. ಇನ್ಸುಲಿನ್ ಆಗ ಇರಲಿಲ್ಲ. ಫ್ರೆಡರಿಕ್ ಅಲೆನ್ ಎಂಬ ವೈದ್ಯರ ಚಿಕಿತ್ಸೆಯೆಂದರೆ ಉಪವಾಸ. ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಜೀವ ನಿಲ್ಲುವಷ್ಟು ಮಾತ್ರ. 1922ರ ಆಗಸ್ಟಿನಲ್ಲಿ ಟೊರಾಂಟೊದಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಬಳಿಗೆ ಬಂದಾಗ ಅವಳಿಗೆ ಹದಿನೈದು ತುಂಬುತ್ತಿತ್ತು, ತೂಕ ಸುಮಾರು 20 ಕಿಲೋ. ನನ್ನ ಆರು ವರ್ಷದವಳ ತೂಕ. ಇನ್ಸುಲಿನ್ ಸಿಕ್ಕಿತು, ಅವಳು ಬದುಕಿದಳು, 1981ರವರೆಗೆ. ಆ ಹುಡುಗಿಗೆ ತಕ್ಕಡಿ ಹೇಳುತ್ತಿದ್ದುದು "ಇಷ್ಟೇ" ಎಂದು. ನಮ್ಮದು "ಎಷ್ಟು?" ಎಂದು ಕೇಳುತ್ತದೆ. ಮಗಳು ಇನ್ನೊಂದು ಸೌಟು ಅನ್ನ ಬೇಕೆಂದರೆ ತೂಗಿ, ಬಡಿಸಿ, ಅದಕ್ಕಷ್ಟು ಚುಚ್ಚುತ್ತೇವೆ.

ಹಾಗೆಂದು ಗ್ರಾಮಿಗೆ ಗ್ರಾಂ ಹಿಡಿದುಕೊಂಡು ಒದ್ದಾಡಬೇಕಿಲ್ಲ. ಎರಡನೇ ತಿಂಗಳು ನಾನು ಒಂದು ಬಟಾಣಿ ಕಾಳನ್ನು ತೆಗೆದು ಹಾಕಿ ಮಾಡುತ್ತಿದ್ದುದನ್ನು ನೋಡಿ ಹೆಂಡತಿ ತಕ್ಕಡಿಯನ್ನೇ ಕಸಿದುಕೊಂಡಳು. ಅವಳದ್ದೇ ಸರಿ. ಇನ್ಸುಲಿನ್ ಚುಚ್ಚುವ ನಮ್ಮ ಪೆನ್ನು ಅರ್ಧ ಯೂನಿಟ್‌ಗಿಂತ ಸಣ್ಣ ಲೆಕ್ಕ ಅರಿಯದು. ನಮ್ಮ ಮಟ್ಟಿಗೆ ಅದು ಹನ್ನೆರಡೂವರೆ ಗ್ರಾಂ ಕಾರ್ಬ್. ಬಟಾಣಿ ಯಾವ ಲೆಕ್ಕಕ್ಕೆ? ಮೊಟ್ಟೆಯನ್ನು ತೂಗುವುದೇ ಬೇಡ, ಕಾರ್ಬ್ ಇಲ್ಲವೆನ್ನುವಷ್ಟು ಕಡಿಮೆ. ಸೌತೆಕಾಯಿಯೂ ಅಷ್ಟೆ. ಅನ್ನ, ಬ್ರೆಡ್ಡು, ಆಲೂಗಡ್ಡೆ, ಹಣ್ಣು ಇವನ್ನು ಮಾತ್ರ ತೂಗುತ್ತೇವೆ, ಅದೂ ಅವಳು ಬಂದು ಕೂರುವ ಮೊದಲೇ. ಹೊರಗೆ ಹೋದಾಗ ತಕ್ಕಡಿ ಒಯ್ಯುವುದಿಲ್ಲ.

ಇನ್ನು ಈ ತಕ್ಕಡಿಗೆ ಕಾಣದ್ದೂ ಇದೆ. ಎಣ್ಣೆ, ಬೆಣ್ಣೆ ಹೆಚ್ಚಿರುವ ಊಟದ ಸಕ್ಕರೆ ತಡವಾಗಿ, ಕೆಲವೊಮ್ಮೆ ಮಲಗಿದ ಮೇಲೆ ಏರುತ್ತದೆ; ತೂಕ ಅದನ್ನು ಹೇಳದು. ಸಂಜೆ ಓಡಿ ಆಡಿದ್ದು ರಾತ್ರಿ ಎರಡಕ್ಕೆ ಶುಗರ್ ಇಳಿಸುವುದನ್ನೂ ಹೇಳದು. ಫೋನಿಗೆ ಜೋಡಿಸುವ, ಆಹಾರದ ಹೆಸರು ಒತ್ತಿದರೆ ಕಾರ್ಬನ್ನೂ ತೋರಿಸುವ ತಕ್ಕಡಿಗಳಿವೆ. ನೆಂಟರ ಮನೆಯಲ್ಲಿ ಒಂದನ್ನು ಬಳಸಿ ನೋಡಿದೆ. ಫೋನು ಹುಡುಕಿ, ಜೋಡಿಸಿ, ಅನ್ನ ಎಂದು ಒತ್ತುವಷ್ಟರಲ್ಲಿ ಅನ್ನ ಆರಿತ್ತು. ಗೋಡೆಗೆ ಅಂಟಿಸಿದ ಕೈಬರಹದ ಚೀಟಿಯೇ ಮೇಲು.

ಐದಕ್ಕೆ ನಾಲ್ಕು ನಕ್ಷತ್ರ. ಒಂದನ್ನು ಆ ಎರಡು ನಿಮಿಷ ತಿಂದುಹಾಕಿತು. ಹೊಸದಾಗಿ ಕೊಳ್ಳುವವರು ತಾನೇ ಆರಿಹೋಗುವ ಸಮಯ ಎಷ್ಟೆಂದು ನೋಡಿ, ಒತ್ತುವ ಗುಂಡಿ ಇರುವುದನ್ನೇ ಆರಿಸಿ, ಮೈನಸ್ ತೋರಿಸುತ್ತದೆಯೇ ಎಂದು ಕೇಳಿಕೊಳ್ಳಿ. ಎರಡು ಸೆಲ್ ಹೆಚ್ಚಿಗೆ ಇಟ್ಟಿರಿ. ನಮ್ಮದು ಐದನೇ ತಿಂಗಳು ರಾತ್ರಿ ಊಟದ ಹೊತ್ತಿಗೇ ಕೈಕೊಟ್ಟಿತು, ಟಿವಿ ರಿಮೋಟಿನ ಸೆಲ್ ಕಿತ್ತು ಹಾಕಿದೆ. ಮಗಳು ಈಗ ಆಲೂಗಡ್ಡೆಯನ್ನು ಅಂಗೈಯಲ್ಲಿ ಕುಣಿಸಿ ಮೊದಲು ತಾನೇ ಹೇಳುತ್ತಾಳೆ. ನಿನ್ನೆ "ನೂರಾ ಹತ್ತು" ಅಂದಳು. ತಕ್ಕಡಿ 113 ಅಂದಿತು. "ಅದಕ್ಕೆ ಸರಿಯಾಗಿ ಬರಲ್ಲ ಅಪ್ಪಾ" ಅಂದಳು.