ಗುಂಡು ಅಡ್ಡಾದಿಡ್ಡಿ ಹೋಗ್ತಿದ್ದರೆ ನಿಮ್ಮ ಕೈಯನ್ನೇ ಬೈಕೋಬೇಡಿ, ಮೊದಲು ರೆಡ್ ಡಾಟ್ ಪರೀಕ್ಷೆ ಮಾಡಿ

ರೆಡ್ ಡಾಟ್ ಸೈಟ್ (ಬಂದೂಕಿನ ಮೇಲೆ ಕೂರಿಸಿ, ಗಾಜಿನೊಳಗೆ ಕಾಣೋ ಕೆಂಪು ಚುಕ್ಕಿಯಿಂದ ಗುರಿ ಹಿಡಿಯೋ ಸಾಧನ) ತಗೋಬೇಕು ಅಂತ ಇರೋರು, ಈಗಾಗಲೇ ತಗೊಂಡು ಝೀರೋ, ಅಂದರೆ ಡಾಟ್ ಇಟ್ಟ ಕಡೆಗೇ ಗುಂಡು ಬೀಳೋ ಹಾಗೆ ಮಾಡಿದ ಹೊಂದಾಣಿಕೆ, ನಿಲ್ತಿಲ್ಲ ಅಂತ ತಲೆ ಕೆಡಿಸಿಕೊಂಡಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ದುಡ್ಡು ಹೋಯ್ತು, ಅದೊಂದು ಸಂಕಟ. ಆದರೆ ಹೊಟ್ಟೆ ಉರಿಯೋದು ಅದಕ್ಕಲ್ಲ. ಮಾಲು ಎಂಥದ್ದು ಅಂತ ಗೊತ್ತಿದ್ದೂ ಆ ಮಾರಾಟಗಾರ ನನ್ನ ಕೈ ಸರಿಯಿಲ್ಲ, ನನ್ನ ಕಣ್ಣು ಸರಿಯಿಲ್ಲ ಅಂತ ನನ್ನನ್ನೇ ನಂಬಿಸಿಬಿಟ್ಟ. ನಾನೂ ನಂಬಿದ್ದೆ. ಅದಕ್ಕೆ ಬರೀತಿದ್ದೀನಿ.

ಜಾಹೀರಾತಿನಲ್ಲಿ ಇದ್ದದ್ದು ಹೀಗೆ: ಹೊಸದು, ಒರಿಜಿನಲ್, ಲೈವ್ ಫೈರ್‌ಗೆ (ನಿಜವಾದ ಗುಂಡು ಹೊಡೆಯೋಕೆ) ಹೊಂದುತ್ತೆ, ನೀರಿಗೆ ಜಗ್ಗಲ್ಲ, ಝೀರೋ ಕದಲಲ್ಲ. 3 ಎಂಒಎ ಡಾಟ್ (ಎಂಒಎ ಅಂದರೆ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು), ಅಡ್ಜಸ್ಟ್ ಸ್ಕ್ರೂವಿನ ಒಂದು ಕ್ಲಿಕ್ಕಿಗೆ 1 ಎಂಒಎ, ಸಿಆರ್ 2032 ಬ್ಯಾಟರಿ. ಕೈಗೆ ಬಂದಾಗ ಅನುಮಾನ ಪಡೋಕೆ ಏನೂ ಇರಲಿಲ್ಲ. ಗಟ್ಟಿ ಡಬ್ಬಿ, ಮೇಲೆ ಸೀಲ್, ಸೈಟಿನ ತಳದಲ್ಲಿ ಸೀರಿಯಲ್ ನಂಬರಿನ ಸ್ಟಿಕರ್, ಒರೆಸೋಕೆ ಬಟ್ಟೆ, ಅಲೆನ್ ಕೀ. ಡಾಟ್ ಕೆಂಪಗೆ ದುಂಡಗೆ ಕಾಣ್ತಿತ್ತು.

ಪಾಯಿಂಟ್ ಟೂ ಟೂ ರೈಫಲ್ ಮೇಲೆ ಕೂರಿಸಿದೆ. ರೈಲಿನ ಎಣ್ಣೆ ಒರೆಸಿ, ಸ್ಕ್ರೂ ಎಳೆಗಳ ಜಿಡ್ಡು ತೆಗೆದು, ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯೋ ಅಂಟು) ಒಂದೇ ಹನಿ ಹಾಕಿ, ಬಿಗಿ ಅಳೆಯೋ ಟಾರ್ಕ್ ಡ್ರೈವರಿನಲ್ಲಿ ಮೌಂಟಿಗೆ (ಸೈಟನ್ನ ರೈಫಲಿಗೆ ಕಚ್ಚಿಸೋ ಹಿಡಿಕೆ) ಹೇಳಿದಷ್ಟೇ ಬಿಗಿ ಮಾಡಿದೆ. ಸ್ಕ್ರೂ ತಲೆಯಿಂದ ಮೌಂಟಿನ ಮೈಮೇಲೆ ಬರೋ ಹಾಗೆ ಬಿಳಿ ಪೇಂಟಿನಲ್ಲಿ ಸಣ್ಣ ಗೆರೆ ಎಳೆದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತೆ. ಈ ಗೆರೆ ವಿಷಯ ಮುಂದೆ ಬರುತ್ತೆ.

ಮೊದಲ ದಿನ ಪರವಾಗಿಲ್ಲ ಅನ್ನಿಸಿತು. ಮುಂದಿನ ಸಲ 50 ಮೀಟರಿನಲ್ಲಿ ಗುಂಡೆಲ್ಲ ಬಲಕ್ಕೆ. 4 ಕ್ಲಿಕ್ ಎಡಕ್ಕೆ ಕೊಟ್ಟೆ. 50 ಮೀಟರಿನಲ್ಲಿ 1 ಎಂಒಎ ಅಂದರೆ ಸುಮಾರು 14.5 ಮಿಲಿಮೀಟರ್, ಹಾಗಾಗಿ ಗ್ರೂಪು (ಟಾರ್ಗೆಟ್ ಮೇಲೆ ಗುಂಡುಗಳು ಬಿದ್ದ ಗುಂಪು) 6 ಸೆಂಟಿಮೀಟರ್ ಹತ್ತಿರ ಸರೀಬೇಕು. ಸರೀಲಿಲ್ಲ. ಇನ್ನೂ 2 ಕ್ಲಿಕ್ ಕೊಟ್ಟೆ. ಆಗಲೂ ಇಲ್ಲ. ಒಂದೆರಡು ಗುಂಡು ಹೊಡೆದ ಮೇಲೆ ಕೊಟ್ಟ ಕ್ಲಿಕ್ಕೆಲ್ಲ ಒಟ್ಟಿಗೆ ಕೂಡಿಕೊಂಡ ಹಾಗೆ ಗ್ರೂಪು ಎಡಕ್ಕೆ ನೆಗೀತು. ಹಿಂದಕ್ಕೆ ತಿರುಗಿಸಿದರೆ ಮತ್ತೆ ಅದೇ ಕಥೆ.

ಇಲ್ಲಿಂದ ಶುರುವಾಯ್ತು ನೋಡಿ ನನ್ನ ಅವಸ್ಥೆ. ಶೂಟಿಂಗ್ ರೇಂಜಿನಲ್ಲಿ ಪಕ್ಕದ ಲೇನಿನವರು ಟ್ರಿಗರ್ ಜಗ್ತಿದ್ದೀರಾ ಅಂದರು. ಉಸಿರು ಹಿಡಿಯೋದು ತಪ್ಪು ಅಂದರು. ಕೆನ್ನೆ ಇಡೋ ಜಾಗ ಬದಲಾಗ್ತಿದೆ ಅಂದರು. ಎಲ್ಲರೂ ಒಳ್ಳೇದಕ್ಕೇ ಹೇಳಿದ್ದು, ಅವರ ಮೇಲೆ ಸಿಟ್ಟಿಲ್ಲ. ಮನೆಯಲ್ಲಿ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಗುಂಡು) ಹಾಕಿಕೊಂಡು ಡ್ರೈ ಫೈರ್, ಅಂದರೆ ಬರೀ ಟ್ರಿಗರ್ ಎಳೆಯೋ ಅಭ್ಯಾಸ, ಮಾಡಿದ್ದೇ ಮಾಡಿದ್ದು. ನನಗಿಂತ ಆಮೇಲೆ ಸೇರಿದವರು ಟಾರ್ಗೆಟ್ ನಡುವಿನ ಕಪ್ಪು ವೃತ್ತದೊಳಗೆ ಹೊಡೀತಿದ್ದರೆ, ನಾನು ಟಾರ್ಗೆಟ್ ಪೇಪರನ್ನ ಯಾರಿಗೂ ಕಾಣದ ಹಾಗೆ ಮಡಚಿ ಬ್ಯಾಗಿಗೆ ತುರುಕಿಕೊಂಡು ಬರ್ತಿದ್ದೆ.

ಮಾರಾಟಗಾರನಿಗೆ ಮೆಸೇಜ್ ಮಾಡಿದೆ. ಮೊದಲ ಉತ್ತರ: "ಸರ್, ಮೌಂಟ್ ಲೂಸ್ ಇರುತ್ತೆ, ಟೈಟ್ ಮಾಡಿ." ಬಿಳಿ ಗೆರೆ ತುಂಡಾಗದೇ ಇರೋ ಫೋಟೋ ಕಳಿಸಿದೆ. ಅದಕ್ಕೆ: "ಬ್ಯಾಟರಿ ವೀಕ್ ಇರಬಹುದು ಸರ್." ಬ್ಯಾಟರಿ ವೀಕ್ ಆದರೆ ಡಾಟ್ ಮಂಕಾಗುತ್ತೆ, ಮಿಣುಕುತ್ತೆ, ಆರಿಹೋಗುತ್ತೆ. ಡಾಟ್ ಜಾಗ ಬಿಟ್ಟು ಹೋಗಲ್ಲ. ಅದನ್ನೂ ಬರೆದೆ. ಆಗ ಬಂತು: "ನಿಮಗೆ ಅಸ್ಟಿಗ್ಮ್ಯಾಟಿಸಂ ಇರಬೇಕು ಸರ್, ಒಳ್ಳೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಬೇರೆ ಕಸ್ಟಮರ್ ಯಾರೂ ಕಂಪ್ಲೇಂಟ್ ಮಾಡಿಲ್ಲ."

ನಾನು ಹೋಗಿ ಕಣ್ಣು ತೋರಿಸಿಕೊಂಡು ಬಂದೆ. ಕಣ್ಣು ಸರಿ ಇದೆ ಅಂದರು. ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇರದ ದೋಷ) ಇರೋರಿಗೆ ಡಾಟ್ ಚೆದುರಿದ ಹಾಗೆ, ಬಾಲ ಬಂದ ಹಾಗೆ, ಎರಡಾದ ಹಾಗೆ ಕಾಣೋದು ನಿಜ. ಅದನ್ನ ತಿಳಿಯೋದು ಸುಲಭ: ಫೋನಿನ ಕ್ಯಾಮೆರಾದಿಂದ ಡಾಟ್ ನೋಡಿ, ಕ್ಯಾಮೆರಾದಲ್ಲಿ ದುಂಡಗಿದ್ದು ನಿಮಗೆ ಮಾತ್ರ ಚೆದುರಿ ಕಂಡರೆ ಅದು ಕಣ್ಣಿಂದು. ಆದರೆ ಕಣ್ಣಿನ ದೋಷಕ್ಕೆ ಕ್ಲಿಕ್ಕುಗಳು ಒಂದೆರಡು ಗುಂಡು ಕಾದು ಆಮೇಲೆ ನೆಗೆಯಲ್ಲ! ಇಷ್ಟು ಅವನಿಗೆ ಗೊತ್ತಿಲ್ವಾ? ಗೊತ್ತಿತ್ತು.

ಕೊನೆಗೆ ನಮ್ಮ ರೇಂಜಿನ ಹಿರಿಯರೊಬ್ಬರು ರೈಫಲ್ ಖಾಲಿ ಮಾಡಿಸಿ, ಬೋಲ್ಟ್ (ಗುಂಡು ತುಂಬಿ ನಳಿಗೆಯ ಹಿಂಬದಿ ಮುಚ್ಚೋ ಭಾಗ) ತೆಗೆಸಿ, ಮರಳು ಚೀಲದ ಮೇಲೆ ಮಲಗಿಸಿದರು. ಐರನ್ ಸೈಟನ್ನ (ರೈಫಲಿನದೇ ಲೋಹದ ಗುರಿಕಡ್ಡಿ) ಟಾರ್ಗೆಟ್ ನಡುವಿಗೆ ಹಿಡಿದು ಡಾಟನ್ನ ಸರಿಯಾಗಿ ಮುಂದಿನ ಸೈಟಿನ ತುದಿ ಮೇಲೆ ತಂದು ನಿಲ್ಲಿಸಿದರು. "ಈಗ ಡಾಟ್ ಮರೆತುಬಿಡು, ಐರನ್ ಸೈಟಲ್ಲೇ ಹೊಡಿ" ಅಂದರು. ಬೋಲ್ಟ್ ಹಾಕಿ ಹೊಡೆದೆ. ಗ್ರೂಪು ಒಂದು ಬಾಟಲಿ ಮುಚ್ಚಳದೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ನನ್ನ ಕೈಯೇ ಹೊಡೆದದ್ದು. ಆಮೇಲೆ ಮತ್ತೆ ಸೈಟೊಳಗೆ ನೋಡಿದರೆ ಡಾಟು ಆ ತುದಿ ಬಿಟ್ಟು ಪೂರ್ತಿ ಪಕ್ಕಕ್ಕೆ ಹೋಗಿ ಕೂತಿದೆ. ಅವರು ಸೈಟಿನ ಮೈಗೆ ಬೆರಳಲ್ಲಿ ಮೆಲ್ಲಗೆ ತಟ್ಟಿದರು. ಡಾಟ್ ನಡುಗಿ ಇನ್ನೊಂದು ಕಡೆ ನಿಂತಿತು. ಬೆರಳಲ್ಲಿ ತಟ್ಟಿದ್ದಕ್ಕೆ! ಇಂಥ ಅಗ್ಗದ ಟ್ಯೂಬ್ ಸೈಟುಗಳಲ್ಲಿ ಒಳಗಿನ ಕೊಳವೆಯನ್ನ ಒಂದು ಸ್ಪ್ರಿಂಗು ಅಡ್ಜಸ್ಟ್ ಸ್ಕ್ರೂಗಳ ಕಡೆಗೆ ಒತ್ತಿ ಹಿಡಿದಿರುತ್ತೆ. ಆ ಸ್ಪ್ರಿಂಗಿಗೆ ಬಲ ಇಲ್ಲ ಅಂದರೆ ಸ್ಕ್ರೂ ಹಿಂದೆ ಸರಿದರೂ ಕೊಳವೆ ಜೊತೆಗೆ ಬರಲ್ಲ, ಗುಂಡಿನ ಅದುರಿಗೆ ಆಮೇಲೆ ಯಾವಾಗಲೋ ಜಾರುತ್ತೆ. ನನ್ನ ಗ್ರೂಪು ನೆಗೀತಿದ್ದದ್ದು ಇದಕ್ಕೇ.

ಮೌಂಟು ಬಿಚ್ಚಿದೆ. ತಳದ ಸ್ಟಿಕರಿಗೆ ಗನ್ ಎಣ್ಣೆ ಇಳಿದು ಒಂದು ಮೂಲೆ ಎದ್ದಿತ್ತು. ಉಗುರು ಹಾಕಿ ಎಬ್ಬಿಸಿದೆ. ಸೀರಿಯಲ್ ನಂಬರಿನ ಕೆಳಗೆ, ಲೋಹದಲ್ಲೇ ಅಚ್ಚು ಹೊಡೆದ ಸಣ್ಣ ಅಕ್ಷರ. ಏರ್‌ಸಾಫ್ಟಿಗೆ ಮಾತ್ರ ಅಂತ. ಪ್ಲಾಸ್ಟಿಕ್ ಗುಂಡು ಹಾರಿಸೋ ಆಟದ ಬಂದೂಕಿನ ಸೈಟು! ಅದರ ಮೇಲೆ ಅಳತೆ ನೋಡಿ ಸ್ಟಿಕರ್ ಕತ್ತರಿಸಿ ಅಂಟಿಸಿದ್ದಾರೆ. ಕೈ ತಪ್ಪಿ ಆದದ್ದಲ್ಲ ಇದು, ಗೊತ್ತಿದ್ದೇ ಮುಚ್ಚಿದ್ದು. ಸುತ್ತ ನಾಲ್ಕು ಜನ ನಿಂತು ನೋಡ್ತಿದ್ದರು, ನನಗೆ ಮಾತೇ ಹೊರಡಲಿಲ್ಲ. ಇಷ್ಟು ದಿನ ನನ್ನ ಬೆರಳನ್ನ, ನನ್ನ ಉಸಿರನ್ನ, ನನ್ನ ಕಣ್ಣನ್ನ ಬೈಕೊಂಡದ್ದೆಲ್ಲ ಒಂದು ಸ್ಟಿಕರ್ ಕೆಳಗಿತ್ತು.

ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ: "ಸರ್, ಗುಂಡಿನ ಧಕ್ಕೆಗೆ ಎಲ್ಲಾ ಬ್ರ್ಯಾಂಡೂ ಸ್ವಲ್ಪ ಅಲ್ಲಾಡುತ್ತೆ." ಪಾಯಿಂಟ್ ಟೂ ಟೂ ರೈಫಲಿನ ಧಕ್ಕೆ ಎಷ್ಟಿರುತ್ತೆ ಸ್ವಾಮಿ? ಇದಕ್ಕೇ ಅಲ್ಲಾಡೋದು ಇನ್ಯಾವುದರ ಮೇಲೆ ನಿಲ್ಲುತ್ತೆ? ಆಮೇಲೆ: "ಲೇಸರ್ ಅಲ್ವಾ ಸರ್, ಬಿಸಿಲಿಗೆ ವಾಲುತ್ತೆ." ರೆಡ್ ಡಾಟ್ ಲೇಸರೇ ಅಲ್ಲ. ಒಳಗೊಂದು ಎಲ್‌ಇಡಿ, ಅದರ ಬೆಳಕು ಮುಂದಿನ ಬಾಗಿದ ಲೆನ್ಸಿನ ಲೇಪಕ್ಕೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತೆ, ಟಾರ್ಗೆಟ್ ಮೇಲೆ ಏನೂ ಬೀಳಲ್ಲ. ಮಾರೋ ವಸ್ತು ಏನು ಅಂತಲೇ ಗೊತ್ತಿಲ್ಲದ ಹಾಗೆ ನಾಟಕ. ಇನ್ನೊಂದು ಉತ್ತರ: "ಎಲೆಕ್ಟ್ರಾನಿಕ್ ಐಟಂ ಸರ್, ಹೆಚ್ಚು ಕಮ್ಮಿ ಆಗುತ್ತೆ." ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಎಲೆಕ್ಟ್ರಾನಿಕ್ ರೆಡ್ ಡಾಟ್ ಮಾರುಕಟ್ಟೆಗೆ ತಂದದ್ದು 1975ರಲ್ಲಿ. ಅಮೆರಿಕದ ಸೈನ್ಯ 1990ರ ದಶಕದಲ್ಲೇ ಇದನ್ನ ರೈಫಲ್ ಮೇಲೆ ಹಾಕಿಕೊಂಡಿದೆ. ಮೊನ್ನೆ ಹುಟ್ಟಿದ ವಿದ್ಯೆ ಏನಲ್ಲ, ಹೆಚ್ಚು ಕಮ್ಮಿ ಆಗೋಕೆ.

ಕೊನೇ ಉತ್ತರ ಕೇಳಿ: "ಸ್ಟಿಕರ್ ಕಿತ್ತಿದ್ದೀರಿ, ವಾರಂಟಿ ಹೋಯ್ತು." ಆಮೇಲೆ ಬ್ಲಾಕ್ ಮಾಡಿದ.

ನೀವು ಮೋಸ ಹೋಗಬೇಡಿ. ದುಡ್ಡು ಕೊಡೋ ಮೊದಲು ಸೀರಿಯಲ್ ನಂಬರ್ ತಗೊಂಡು ನೇರ ತಯಾರಕರಿಗೇ ಬರೆದು ಕೇಳಿ. ನಂಬರ್ ಕೊಡೋಕೆ ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ. ಡಬ್ಬಿ ಒಡೆಯೋದು, ಸೈಟಿನ ತಳ, ಸ್ಕ್ರೂ ಬಿಗಿ ಮಾಡೋದು ಎಲ್ಲ ವಿಡಿಯೋ ಮಾಡಿಟ್ಟುಕೊಳ್ಳಿ, ಆಮೇಲೆ ನಿಮ್ಮ ಮೇಲೇ ಹೇಳ್ತಾರೆ. ಖಾಲಿ ರೈಫಲ್ ಚೀಲದ ಮೇಲಿಟ್ಟು, ಮುಟ್ಟದೆ, ತಲೆ ಮಾತ್ರ ಆಚೀಚೆ ಆಡಿಸಿ ನೋಡಿ. ಡಾಟ್ ಲೆನ್ಸಿನೊಳಗೆ ಓಡಾಡಿದರೂ ಟಾರ್ಗೆಟ್ ಮೇಲೆ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ನನ್ನದು ಕಪ್ಪು ದಾಟಿ ಹೋಗ್ತಿತ್ತು. ಆಮೇಲೆ ಹೊಡೆದು ನೋಡಿ: 10 ಕ್ಲಿಕ್ ಮೇಲೆ, 10 ಬಲಕ್ಕೆ, 10 ಕೆಳಗೆ, 10 ಎಡಕ್ಕೆ, ಪ್ರತಿ ಮೂಲೆಯಲ್ಲೂ ಒಂದು ಗ್ರೂಪು. ಕೊನೇದು ಮೊದಲನೇದರ ಮೇಲೇ ಬಂದು ಕೂರಬೇಕು. ಬರಲಿಲ್ಲ ಅಂದರೆ ಯಾರ ಉಪದೇಶವನ್ನೂ ಕೇಳಬೇಡಿ, ಅವತ್ತೇ ವಾಪಸ್ ಮಾಡಿ.

ಒಳ್ಳೆ ಸೈಟ್ ಇದ್ದೋರು ಅದನ್ನ ಹಾಳು ಮಾಡ್ಕೋಬೇಡಿ, ಅಷ್ಟೇ. ಲೆನ್ಸಿಗೆ ಗನ್ ಸಾಲ್ವೆಂಟ್, ಅಸಿಟೋನ್ ತಾಗಿಸಬೇಡಿ, ಲೇಪ ಹೋಗುತ್ತೆ. ಮೊದಲು ಧೂಳು ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಲೆನ್ಸಿನ ಬಟ್ಟೆ. ಒಣ ಧೂಳಿನ ಮೇಲೇ ಉಜ್ಜಿದರೆ ಗೀರು ಬೀಳುತ್ತೆ. ಎಲ್‌ಇಡಿ ಬಯಲಿಗೆ ಬಿದ್ದಿರೋ ಸೈಟಾದರೆ ಅಲ್ಲಿ ಒಂದು ಹನಿ ಎಣ್ಣೆ ಕೂತರೂ ಡಾಟ್ ಹೂ ಬಿಟ್ಟ ಹಾಗೆ ಕಾಣುತ್ತೆ, ಬಂದೂಕು ಕ್ಲೀನ್ ಮಾಡುವಾಗ ಅದನ್ನ ಮುಚ್ಚಿ. ಬೆಳಕು ಟಾರ್ಗೆಟ್ ಮೇಲೆ ಕಾಣುವಷ್ಟೇ ಇಡಿ, ಜಾಸ್ತಿ ಮಾಡಿದರೆ ಡಾಟ್ ಊದಿಕೊಂಡು ಗುರಿಯನ್ನೇ ನುಂಗುತ್ತೆ. ಬ್ಯಾಟರಿ ಸಾಯೋ ತನಕ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ, ಮುಚ್ಚಳದ ರಬ್ಬರ್ ರಿಂಗು ಬಿರುಕು ಬಿಟ್ಟಿದೆಯಾ ನೋಡಿ.

ಆ ಜಾಹೀರಾತು ಇವತ್ತೂ ಇದೆ. ಸ್ನೇಹಿತರ ಫೋನಿನಿಂದ ನೋಡಿದೆ. ಅದೇ ಫೋಟೋ, ಅದೇ ವಿವರಣೆ, "ಲೈವ್ ಫೈರ್‌ಗೆ ಹೊಂದುತ್ತೆ" ಅನ್ನೋ ಸಾಲೂ ಹಾಗೇ ಇದೆ. ತಳದ ಫೋಟೋ ಒಂದೂ ಇಲ್ಲ. ಕೇಳಿ ನೋಡಿ, ಕಳಿಸಲ್ಲ.